ಟ್ರೀಮ್ಯಾಪ್‌ಗೆ ಕನ್ನಡದಲ್ಲಿ ಏನನ್ನೋಣ? ‘ಪಾತಿನಕ್ಷೆ’ ಆಗಬಹುದಾ?

ಗೆಳೆಯರೇ,

ಜನಗಣತಿಯ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಒಂದು ಆ್ಯಪ್‌ಗೆ ಕನ್ನಡ ಪದಗಳನ್ನು ಬರೆದುಕೊಡುತ್ತಿದ್ದೇನೆ. 2011ರ ಲೆಕ್ಕದಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ, 29,340 ಹಳ್ಳಿ. ಪಟ್ಟಿ ಹಾಕಿದರೆ ಸ್ಕ್ರೋಲ್ ಮಾಡಿ ಮುಗಿಯುವುದಿಲ್ಲ. ಅದಕ್ಕೇ ಟ್ರೀಮ್ಯಾಪ್ ಹಾಕಿದ್ದಾರೆ. ಇಡೀ ಪರದೆಯೇ ರಾಜ್ಯ, ಒಳಗೆ ಜಿಲ್ಲೆಗೊಂದು ಚೌಕ, ಜನ ಜಾಸ್ತಿ ಇದ್ದಷ್ಟೂ ಚೌಕ ದೊಡ್ಡದು. ಭೂಪಟದಲ್ಲಿ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವ ಬೆಂಗಳೂರು ನಗರ ಜಿಲ್ಲೆ ಇಲ್ಲಿ ಹೆಚ್ಚುಕಮ್ಮಿ ಆರನೇ ಒಂದು ಪಾಲು ಜಾಗ ಹಿಡಿಯುತ್ತದೆ. ತುಮಕೂರು ಒತ್ತಿದರೆ ಅದೇ ಪರದೆ ತುಂಬಾ ಹರಡಿಕೊಂಡು ಪಾವಗಡ, ಶಿರಾ, ತಿಪಟೂರು ಎಲ್ಲ ಕಾಣುತ್ತವೆ.

ಇದಕ್ಕೆ ‘ಮರನಕ್ಷೆ’ ಅಂತ ಬರೆದಿದ್ದರು. ಓದಿದವರಿಗೆ ಅರಣ್ಯ ಇಲಾಖೆಯ ನಕ್ಷೆ ಅನ್ನಿಸುತ್ತದೆ, ಅಲ್ವಾ? ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೀಡರ್‌ಮನ್ 1990ರ ಸುಮಾರಿಗೆ ಇದನ್ನು ಮಾಡಿದ್ದು, 14 ಜನ ಹಂಚಿಕೊಂಡಿದ್ದ 80 ಎಂಬಿ ಡಿಸ್ಕಿನ ಜಾಗ ಯಾರು ತಿನ್ನುತ್ತಿದ್ದಾರೆ ಅಂತ ನೋಡೋಕೆ. ಫೋಲ್ಡರಿನೊಳಗೆ ಫೋಲ್ಡರ್ ಇರುವುದನ್ನು ಕಂಪ್ಯೂಟರಿನವರು ಮರ ಅನ್ನುತ್ತಾರೆ, ಹೆಸರು ಅಲ್ಲಿಂದ ಬಂತು. ನೋಡುವವರ ಕಣ್ಣಿಗೆ ಮರ ಕಾಣುವುದೇ ಇಲ್ಲ.

ನನಗೆ ಮೊದಲು ಹೊಳೆದದ್ದು ‘ಹಿಸ್ಸಾ’. ಸರ್ವೆ ನಂಬರ್ 45, ಅದರೊಳಗೆ 45/1, 45/2. ತುಂಬಾ ಚೆನ್ನಾಗಿ ಕೂರುತ್ತದೆ, ಆದರೆ ‘ಹಿಸ್ಸಾ ನಕ್ಷೆ’ ಅಂದರೆ ಜನ ನಿಜವಾಗಿಯೂ ಜಮೀನಿನ ಕಾಗದ ಅಂದುಕೊಳ್ಳುತ್ತಾರೆ. ಮನಸ್ಸಿಲ್ಲದೆ ಬಿಟ್ಟೆ.

ಆಮೇಲೆ ‘ಪಾತಿ’. ನಮ್ಮ ಹಿತ್ತಲಲ್ಲಿ ಸೊಪ್ಪು ಹಾಕುವಾಗ ಇದ್ದ ಜಾಗವನ್ನೆಲ್ಲ ಪಾತಿ ಮಾಡುತ್ತಿದ್ದರು. ಮೆಂತ್ಯಕ್ಕೆ ದೊಡ್ಡದು, ಕೊತ್ತಂಬರಿಗೆ ಅದರ ಅರ್ಧ, ಮೂಲೆಯಲ್ಲಿ ಉಳಿದ ಗೇಣು ಜಾಗದಲ್ಲಿ ದಂಟು, ನಡುವೆ ಸಣ್ಣ ಬದು. ಟ್ರೀಮ್ಯಾಪ್ ಕಾಣುವುದೂ ಹಾಗೇ. ‘ಪಾತಿನಕ್ಷೆ’ ಸುಲಭವಾಗಿ ನಾಲಗೆಗೂ ಬರುತ್ತದೆ. ಒಂದೇ ಅನುಮಾನ: ತೆಂಗಿನ ಬುಡದ ಸುತ್ತ ಮಾಡುವ ದುಂಡನೆಯ ಗುಂಡಿಗೂ ಪಾತಿ ಅನ್ನುತ್ತಾರೆ. ‘ಮಡಿ’ ಅನ್ನೋಣವೆಂದರೆ ಸಸಿಮಡಿಗಿಂತ ಮೊದಲು ಮಡಿ-ಮೈಲಿಗೆ ನೆನಪಾಗುತ್ತದೆ. ಸೊಪ್ಪು ಹಾಕುವ ಚೌಕಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಇನ್ನೊಂದು. ಆ್ಯಪ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ತೋರಿಸುವ ಬಟನ್‌ಗೆ ‘ಸಿಂಹಾವಲೋಕನ’ ಅಂತಿದೆ. ಸಿಂಹ ನಡೆದು ಬಂದ ದಾರಿಯನ್ನು ತಿರುಗಿ ನೋಡುವುದು ಅದು, ಇಲ್ಲಿ ಹೊಂದುವುದಿಲ್ಲ. ಸುಮ್ನೆ ‘ಪೂರ್ತಿ ನೋಟ’ ಅಂತ ಹಾಕಿದ್ದೇನೆ. ತುಮಕೂರು ಒತ್ತಿದಾಗ ಆಗುವುದಕ್ಕೆ ‘ಹಿಗ್ಗಿಸು’ ಸಾಲದು ಅನ್ನಿಸಿದೆ, ಯಾಕೆಂದರೆ ಇದ್ದದ್ದೇ ದೊಡ್ಡದಾಗುವ ಜೊತೆಗೆ ಒಳಗಿನ ತಾಲ್ಲೂಕುಗಳೂ ತೆರೆದುಕೊಳ್ಳುತ್ತವೆ. ‘ಒಳಗೆ ನೋಡು’ ಅಂದರೆ ಸಾಕಾ?