ಪದಚರ್ಚೆ: ದುಡ್ಡು ಕೊಟ್ಟು ಮನೆಯಲ್ಲಿ ಉಳಿಯುವವರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡ್ ಬರೆಯಬೇಕಾಗಿದೆ. ನಾಲ್ಕು ದಿನದಿಂದ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ಮೂಡಿಗೆರೆ ಕಡೆ ನಮ್ಮ ಅತ್ತಿಗೆ ತೋಟದ ಮನೆಯಲ್ಲೇ ಎರಡು ರೂಮು ಬಿಟ್ಟುಕೊಟ್ಟು ಹೋಂಸ್ಟೇ ನಡೆಸುತ್ತಾರೆ. ರೂಮು, ಬೆಳಗಿನ ತಿಂಡಿ ಸೇರಿ ಒಂದೇ ಬಾಡಿಗೆ. ಬಂದವರಿಗೆ ಮನೆಯ ರೀತಿ ರಿವಾಜು ತಿಳಿಸುವ ಒಂದು ಹಾಳೆ ಗೋಡೆಗೆ ಬೇಕು, "ಸದಾ ಕನ್ನಡ ಕನ್ನಡ ಅಂತಿರ್ತೀಯಲ್ಲ, ಬರೆದುಕೊಡು ನೋಡೋಣ" ಅಂದರು.

ಮೊದಲು ಪೇಟೆಯ ಪ್ರಿಂಟಿಂಗ್ ಅಂಗಡಿಯವರು ಮಾಡಿಕೊಟ್ಟ ಬೋರ್ಡ್ ಇತ್ತು. "ಬೆಳಿಗ್ಗೆ 11 ಗಂಟೆಯೊಳಗೆ ಕೊಠಡಿ ಖಾಲಿ ಮಾಡತಕ್ಕದ್ದು. ಪಾದರಕ್ಷೆಗಳನ್ನು ಹೊರಗೆ ಬಿಡತಕ್ಕದ್ದು. ಧೂಮಪಾನ ನಿಷೇಧಿಸಲಾಗಿದೆ. ಉಪಹಾರದ ಸಮಯ 8ರಿಂದ 10." ತಾಲ್ಲೂಕು ಕಚೇರಿಯನ್ನೇ ಎತ್ತಿ ತಂದು ಮಲಗುವ ಕೋಣೆಯಲ್ಲಿ ಇಟ್ಟಂತಿತ್ತು. (ಉಪಹಾರ ಅಂದರೆ ಕಾಣಿಕೆ, ತಿಂಡಿಗೆ ಉಪಾಹಾರ ಅನ್ನಬೇಕು ಅಂತ ಈ ಬಳಗದವರಿಗೆ ಹೇಳಬೇಕಿಲ್ಲ. ನಾನಂತೂ ತಿಂಡಿ ಅಂತಲೇ ಬರೆಯೋನು.)

ಒಮ್ಮೆ ಧಾರವಾಡದ ಕಡೆಯ ಒಬ್ಬ ಅಜ್ಜಿ ಮಗ ಸೊಸೆ ಜೊತೆ ಬಂದಿದ್ದರು. ಸಂಜೆ ಅತ್ತಿಗೆಯನ್ನು ಕೇಳಿದರಂತೆ, "ನಾಷ್ಟಾ ಎಷ್ಟಕ್ಕ?" ಇವರು ಬಾಡಿಗೆ ಲೆಕ್ಕದಲ್ಲೇ ಇದ್ದವರು, "ಬೇರೆ ದುಡ್ಡಿಲ್ಲ ಅಮ್ಮ, ರೂಮಿನ ಜೊತೆಗೇ ಬಂತು" ಅಂದರು. ಅಜ್ಜಿ ಕೇಳಿದ್ದು ಎಷ್ಟು ಗಂಟೆಗೆ ಅಂತ! ಅದೇನೋ ನಗುವಿನಲ್ಲಿ ಮುಗಿಯಿತು. ಮರುದಿನ ಮಾತ್ರ ನಗು ಬರಲಿಲ್ಲ. ಇನ್ನೂ ಎಂಟು ಗಂಟೆ, ಅಕ್ಕಿರೊಟ್ಟಿ ಕಾವಲಿ ಮೇಲಿದೆ, ಅಜ್ಜಿ ಚೀಲ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಯಾಕಮ್ಮ ಅಂದರೆ, "ಖಾಲಿ ಮಾಡ್ರಿ ಅಂತ ಗ್ವಾಡಿ ಮ್ಯಾಲೆ ಬರಿಸೀಯಲ್ಲ ತಂಗಿ."

ಖಾಲಿ ಮಾಡು ಅನ್ನೋದು ನಾವು ಬಾಡಿಗೆದಾರರಿಗೆ, ಅದೂ ಜಗಳ ಆದ ಮೇಲೆ ಹೇಳುವ ಮಾತು. "ಜಾಗ ಖಾಲಿ ಮಾಡು" ಅಂದರೆ ಏನರ್ಥ ಅಂತ ಗೊತ್ತೇ ಇದೆ. ಲಾಡ್ಜಿನ ಗೋಡೆ ಮೇಲೆ ಅದೇ ಮಾತು ಇದ್ದರೆ ಯಾರಿಗೂ ಏನೂ ಅನಿಸಲ್ಲ. ಆದರೆ ರಾತ್ರಿ ಬಚ್ಚಲ ಒಲೆಗೆ ಸೌದೆ ಹಾಕಿ ಬಿಸಿನೀರು ಕಾಯಿಸಿಕೊಟ್ಟವರೇ ಬೆಳಿಗ್ಗೆ ಖಾಲಿ ಮಾಡಿ ಅಂದರೆ ಚುರ್ ಅನ್ನದೆ ಇರತ್ತಾ?

ಈಗ ನನ್ನ ಮೊದಲ ಪ್ರಶ್ನೆ. ಈ ಬರುವವರನ್ನು ಏನೆಂದು ಕರೆಯೋದು? ಗಿರಾಕಿ ಅಂದರೆ ಅಂಗಡಿ ಆಯ್ತು. ಅತಿಥಿ ಅಂದರೆ ತಿಥಿ ಹೇಳದೆ ಬರುವವನು ಅಂತ ಹಳಬರ ವಿವರಣೆ. ಇವರೋ ತಿಂಗಳ ಮೊದಲೇ ತಾರೀಕು ಹಿಡಿದು ಅಡ್ವಾನ್ಸ್ ಹಾಕಿ ಬರುವವರು. ಹೋಗಲಿ ಅಂದರೆ ಅತಿಥಿ ಉಪನ್ಯಾಸಕರು ಅನ್ನೋ ಹೆಸರಿನಿಂದ ಆ ಪದದಲ್ಲಿದ್ದ ಸತ್ಕಾರವೆಲ್ಲ ಆವಿಯಾಗಿದೆ. ಮಲೆನಾಡಿನಲ್ಲಿ ಮನೆಗೆ ಬಂದವರೆಲ್ಲ ನೆಂಟರೇ, ಅತ್ತಿಗೆ ಬಾಯಲ್ಲೂ ಬರೋದು ಅದೇ: "ಶನಿವಾರ ನೆಂಟರಿದ್ದಾರೆ ಕಣೋ." ಆದರೆ ನೆಂಟರಿಗೆ ಬಿಲ್ ಕೊಡೋದು ಹೇಗೆ? ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಅನ್ನೋ ಗಾದೆಯನ್ನೇ ಬಾಗಿಲಿಗೆ ಬರೆಸಿಬಿಡಿ ಅಂತ ಅಣ್ಣ ತಮಾಷೆ ಮಾಡ್ತಾನೆ. ನೆಂಟರಿಗೆ, ಔತಣಕ್ಕೆ ಹಳಗನ್ನಡದಲ್ಲಿದ್ದ ಬಿರ್ದು ಅನ್ನೋ ಮಾತು ನನಗೆ ಇಷ್ಟ. ತಮಿಳಿನ ವಿರುಂದು, ತುಳುವಿನ ಬಿನ್ನೆರ್ ಎಲ್ಲ ಅದರ ಬಳಗವೇ. ಆದರೆ ಗೋಡೆ ಮೇಲೆ ಬಿರ್ದು ಅಂತ ಬರೆದರೆ ಬಿರುದು ತಪ್ಪಾಗಿದೆ ಅಂತ ಯಾರಾದರೂ ಪೆನ್ನಿನಲ್ಲಿ ತಿದ್ದಿ ಹೋಗುತ್ತಾರೆ.

ತಮಾಷೆ ಅಂದರೆ ಇದಕ್ಕೆ ಸರಿಹೊಂದುವ ಪದ ನಮ್ಮಲ್ಲಿ ಬಂದಿತ್ತು, ಪೇಯಿಂಗ್ ಗೆಸ್ಟ್. ದುಡ್ಡು ಕೊಡುವ ನೆಂಟ! ಬೆಂಗಳೂರು ಅದನ್ನು ಪೀಜಿ ಮಾಡಿತು, ಮನುಷ್ಯನ ಹೆಸರು ಕಟ್ಟಡಕ್ಕೆ ಹೋಯಿತು. "ನಾನು ಪೀಜಿ" ಅಂತ ಯಾರಾದರೂ ಅಂತಾರಾ? "ಪೀಜಿಯಲ್ಲಿದ್ದೀನಿ" ಅಂತಾರೆ. ಹೋಂಸ್ಟೇ ಕಥೆಯೂ ಅದೇ. ಇನ್ನೊಬ್ಬರ ಮನೆಯಲ್ಲಿ ಉಳಿಯುವ ಕೆಲಸಕ್ಕೆ ಇದ್ದ ಹೆಸರು, ಈಗ "ಅವರು ಹೋಂಸ್ಟೇ ಕಟ್ಟಿಸಿದ್ದಾರೆ" ಅಂತೀವಿ. ಮನೆಯವರೆಲ್ಲ ಬೆಂಗಳೂರಲ್ಲಿ, ಇಲ್ಲಿ ಒಬ್ಬ ಮ್ಯಾನೇಜರು, ಹತ್ತು ರೂಮು, ಆದರೂ ಬೋರ್ಡಿನಲ್ಲಿ ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆ ಈ ವಿಷಯದಲ್ಲಿ ನಿಘಂಟಿಗಿಂತ ಖಡಕ್ಕು: ಒಂದರಿಂದ ಆರು ರೂಮು, ಅಂದರೆ 12 ಹಾಸಿಗೆ ತನಕ ಮಾತ್ರ, ಮನೆಯವರು ಸಂಸಾರ ಸಮೇತ ಅಲ್ಲೇ ವಾಸ ಇರಬೇಕು. ಮನೆಯವರೇ ಇಲ್ಲದ ಮೇಲೆ ಹೋಂ ಎಲ್ಲಿಂದ ಬಂತು?

ಜಾಗದ ಹೆಸರಿಗೆ ಕನ್ನಡ ಪದ ಹುಡುಕಿಯೂ ನೋಡಿದೆ. ವಸತಿಗೃಹ ಪೊಲೀಸರ ಪಾಲಾಗಿದೆ. ಬಿಡಾರ ಅಂದರೆ ಸಕ್ರೆಬೈಲಿನ ಆನೆಗಳು. ಛತ್ರ ಒಂದು ಕಾಲಕ್ಕೆ ದಾರಿಹೋಕರಿಗೆ ಇದ್ದದ್ದು, ಬೆಂಗಳೂರು ರೈಲು ನಿಲ್ದಾಣದ ಹತ್ತಿರದ ತೋಟದಪ್ಪನವರ ಛತ್ರ ಕಟ್ಟಿದ್ದು ಅದಕ್ಕೇ, ಆದರೆ ಈಗ ಬರೀ ಛತ್ರ ಅಂದರೆ ಮದುವೆ ಮನೆ. ವಾಸ್ತವ್ಯ ಅಂದರೆ 2006ರ ನಂತರ ಗ್ರಾಮ ವಾಸ್ತವ್ಯವೇ ನೆನಪಾಗೋದು, ಮುಖ್ಯಮಂತ್ರಿ ಬಂದು ಮಲಗಿ ಹೋಗಬೇಕು. ಬಿಡದಿ ಚೆನ್ನಾಗಿದೆ, ಮದುವೆಗೆ ಬಂದ ಗಂಡಿನ ಕಡೆಯವರು ಇಳಿದುಕೊಳ್ಳುವ ಮನೆ. ಅಲ್ಲೂ ಒಂದು ಕಷ್ಟ, ಗಂಡಿನ ಕಡೆಯವರ ಗತ್ತು ಇವರಿಗೂ ಬಂದುಬಿಟ್ಟರೆ? ಸಾಕು, ಹೋಂಸ್ಟೇ ಅಂತಲೇ ಇರಲಿ.

ನಿಜವಾದ ತೊಡಕು ಹೆಸರಲ್ಲ, ಕ್ರಿಯಾಪದ. ತಕ್ಕದ್ದು ಅಂದರೆ ಅಪ್ಪಣೆ. ಸರಿ, ಎಲ್ಲದಕ್ಕೂ ದಯವಿಟ್ಟು ಸೇರಿಸೋಣ ಅಂದರೆ, ಮನೆಯೊಳಗೆ ಯಾರು ದಯವಿಟ್ಟು ಅಂತಾರೆ? ದಯವಿಟ್ಟು ಊಟಕ್ಕೆ ಬನ್ನಿ ಅಂದರೆ ಮುನಿಸಿಕೊಂಡ ಹಾಗೆ. ನಮ್ಮ ಮರ್ಯಾದೆ ಎಲ್ಲ ಆ ಕೊನೆಯ 'ಇ'ಕಾರದಲ್ಲಿ, ಒಂಚೂರು, ಸ್ವಲ್ಪ ಅನ್ನೋದರಲ್ಲಿ ಇದೆ. ಬೇಡ ಅನ್ನುವಾಗಲಂತೂ ಕಾರಣ ಹೇಳಿಬಿಟ್ಟರೆ ಅದೇ ಮರ್ಯಾದೆ. ಅತ್ತಿಗೆ ಬಾಯಲ್ಲಿ ಹೇಳೋದನ್ನೇ ಕೇಳಿಸಿಕೊಂಡು ಇಷ್ಟು ಬರೆದಿದ್ದೇನೆ, ತಿದ್ದಿ:

ಚಪ್ಪಲಿ ಜಗಲಿ ಕೆಳಗೆ ಬಿಡಿ. ಮಳೆಗಾಲದಲ್ಲಿ ಹಾಕಿಕೊಳ್ಳುವ ಮುಂಚೆ ಕೊಡವಿ, ಇಂಬಳ (ಜಿಗಣೆ) ಇರತ್ತೆ.
ಬಿಸಿನೀರು ಒಲೆಯದ್ದು. ಹಂಡೆ ಖಾಲಿಯಾದರೆ ಕಾಯೋಕೆ ಅರ್ಧ ಗಂಟೆ ಬೇಕು, ಆಮೇಲೆ ಸ್ನಾನ ಮಾಡುವವರಿಗೂ ಉಳಿಸಿ.
ತಿಂಡಿ ಎಂಟು ಗಂಟೆಯಿಂದ. ಬಿಸಿ ಇದ್ದಾಗ ಬಂದರೆ ರೊಟ್ಟಿ ಮಾಡಿದವರಿಗೂ ಖುಷಿ.
ರಾತ್ರಿ ಹತ್ತರ ಮೇಲೆ ಪಾಟು ನಿಲ್ಲಿಸಿ, ಒಳಗೆ ವಯಸ್ಸಾದವರು ಮಲಗಿರ್ತಾರೆ.

'ಪಾಟು' ಅಂದರೆ ಹಾಡುಗೀಡು, ಗಲಾಟೆ ಅಂತ ಅವರ ಅರ್ಥ. ಅದನ್ನು ಹಾಗೇ ಬಿಡಲಾ, ಅಥವಾ 'ಗಲಾಟೆ' ಅಂತ ಮಾಡಲಾ?

11 ಗಂಟೆಯ ಸಾಲು ಮಾತ್ರ ಇನ್ನೂ ಕೂತಿಲ್ಲ. ಮನೆಗೆ ಬಂದವರಿಗೆ ಹೊರಡಿ ಅನ್ನೋ ರೂಢಿಯೇ ನಮ್ಮಲ್ಲಿಲ್ಲವಲ್ಲ, "ಇನ್ನೆರಡು ದಿನ ಇದ್ದು ಹೋಗಿ" ಅನ್ನೋದೇ ಅಭ್ಯಾಸ. ಹೊರಡುವವರೂ ಹೋಗಿ ಬರ್ತೀವಿ ಅಂತಾರೆ. "11ಕ್ಕೆ ಹೋಗಿ ಬನ್ನಿ" ಅಂತ ಬರೆದೆ, ಸಂಜೆ ಮತ್ತೆ ಬಂದುಬಿಟ್ಟರೆ ಅಂತ ಅಣ್ಣ ಕೇಳಿದ. ಈಗ "11ರ ಮೇಲೆ ರೂಮು ಗುಡಿಸಿ ಒರೆಸಬೇಕು, ಅಷ್ಟರಲ್ಲಿ ಹೊರಟರೆ ನಮಗೆ ಅನುಕೂಲ" ಅನ್ನೋ ತನಕ ಬಂದಿದ್ದೇನೆ. ಉದ್ದ ಆಯ್ತು ಅಲ್ವಾ? ನಿಮ್ಮ ಕಡೆ, ಅದರಲ್ಲೂ ಉತ್ತರ ಕನ್ನಡ, ಕುಂದಾಪುರ, ಕೊಡಗಿನವರು, ಇದನ್ನು ಹೇಗೆ ಹೇಳ್ತೀರಿ ತಿಳಿಸಿ. ಶನಿವಾರ ಐದು ಜನ ಬರುವವರಿದ್ದಾರೆ, ಅಷ್ಟರೊಳಗೆ ಹಾಳೆ ಗೋಡೆಗೆ ಹೋಗಬೇಕಂತೆ.