ಅಪ್ಪ ಡಯಾಲಿಸಿಸ್ ತಪ್ಪಿಸುತ್ತಾರೆ, ಹೇಗೆ ಒಪ್ಪಿಸಲಿ?

ಪ್ರಶ್ನೆ (ಇಂಡಿ ತಾಲೂಕಿನ ಸದಸ್ಯರೊಬ್ಬರು):
ಸಿಸ್ಟರ್, ನಮಸ್ಕಾರ. ನಮ್ಮ ಅಪ್ಪನಿಗೆ 58 ವರ್ಷ, ನಿಂಬೆ ತೋಟ ನೋಡಿಕೊಂಡಿದ್ದವರು. ಕಿಡ್ನಿ ಕೆಟ್ಟು ಎಂಟು ತಿಂಗಳಿಂದ ಮಂಗಳವಾರ, ಗುರುವಾರ, ಶನಿವಾರ ವಿಜಯಪುರದಲ್ಲಿ ಡಯಾಲಿಸಿಸ್. ತಿಂಗಳಿಗೆ ಎರಡು ಮೂರು ಸಲ ‘ಇವತ್ತು ಮೈ ಹಗುರಾಗಿದೆ, ಬೇಡ’ ಎಂದು ಉಳಿದುಬಿಡುತ್ತಾರೆ. ಹೋದ ಶನಿವಾರ ಊರ ಜಾತ್ರೆ ಎಂದು ಬರಲಿಲ್ಲ. ಮಂಗಳವಾರ ತೂಕ ನೋಡಿದರೆ 52 ಇರಬೇಕಾದದ್ದು 57 ಕಿಲೋ. ಮಷಿನ್ ಮೇಲಿದ್ದಾಗ ಮೀನಖಂಡ ಹಿಡಿದು ಚೀರಿದರು, ಬಿಪಿ ಇಳಿಯಿತು. ಈಗ ‘ಆ ಮಷಿನ್ನೇ ನನ್ನನ್ನು ಕೊಲ್ಲುತ್ತದೆ’ ಎನ್ನುತ್ತಾರೆ. ಬೈದೆ, ಅತ್ತೆ, ಏನೂ ನಾಟಲಿಲ್ಲ.

ಉತ್ತರ (ಡಯಾಲಿಸಿಸ್ ಘಟಕದ ನರ್ಸ್, ವಿಜಯಪುರ):
ತಮ್ಮಾ, ಮೊದಲು ಬೈಯುವುದನ್ನು ಬಿಡಿ. ನಿಮ್ಮ ತಂದೆಯವರದು ಹಟವಲ್ಲ, ಭಯ. ಆ ಸೆಳೆತ ಎಷ್ಟು ನೋಯಿಸುತ್ತದೆ ಎಂದು ನಾನು ದಿನವೂ ಕಣ್ಣಾರೆ ಕಾಣುತ್ತೇನೆ.

ಆದರೆ ಸೆಳೆತ ತಂದದ್ದು ಮಷಿನ್ ಅಲ್ಲ, ತಪ್ಪಿಸಿದ ಶನಿವಾರ. ಲೆಕ್ಕ ಹಾಕಿ. ಒಂದು ಕಿಲೋ ಏರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಮೈಯಲ್ಲಿ ನಿಂತಿದೆ ಎಂದರ್ಥ. 52 ಕಿಲೋ ತೂಕದವರ ಮೈಯಿಂದ ನಾಲ್ಕು ಗಂಟೆಯಲ್ಲಿ ಎರಡೂವರೆ ಲೀಟರ್ ತೆಗೆದರೆ ಸಾಮಾನ್ಯವಾಗಿ ತಾಳಿಕೊಳ್ಳುತ್ತಾರೆ. ಐದು ಲೀಟರ್ ಎಳೆಯಲು ಹೊರಟರೆ ರಕ್ತನಾಳದಲ್ಲಿ ನೀರು ಸಾಲದೆ ಬಿಪಿ ಕುಸಿಯುತ್ತದೆ, ಸ್ನಾಯು ಸೆಳೆಯುತ್ತದೆ. ನೋವಿಗೆ ಹೆದರಿ ಮುಂದಿನ ಸರದಿ ತಪ್ಪಿಸುತ್ತಾರೆ, ನೀರು ಇನ್ನೂ ಏರುತ್ತದೆ, ನೋವೂ ಏರುತ್ತದೆ. ಇದನ್ನು ತಂದೆಯವರಿಗೆ ಮಾತಿನಲ್ಲಿ ಹೇಳಬೇಡಿ. ಐದು ಲೀಟರ್ ನೀರನ್ನು ಕೊಡದಲ್ಲಿ ತುಂಬಿ ಅವರ ಕೈಯಿಂದಲೇ ಎತ್ತಿಸಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ) ಇಲ್ಲದ ಕೈಯಿಂದ. ‘ಅಪ್ಪಾ, ಹೋದ ಮಂಗಳವಾರ ಇಷ್ಟು ನಿನ್ನ ಮೈಯಲ್ಲಿತ್ತು’ ಎನ್ನಿ. ಹೀಗೆ ಮಾಡಿದ ಮನೆಗಳಲ್ಲಿ ಮಾತು ಬೇಗ ನಾಟಿದ್ದನ್ನು ಕಂಡಿದ್ದೇನೆ.

ಮೂರು ದಿನಗಳಲ್ಲಿ ಶನಿವಾರ ತಪ್ಪಿಸುವುದು ಬಹಳ ಕೆಟ್ಟದ್ದು, ಮಂಗಳವಾರವೂ ಅಷ್ಟೇ. ಶನಿವಾರ ಬಂದರೂ ಮಂಗಳವಾರದವರೆಗೆ ಮೂರು ದಿನದ ಅಂತರ ಇರುತ್ತದೆ, ತಪ್ಪಿದರೆ ಗುರುವಾರದಿಂದ ಐದು ದಿನ. ನೀರು ಕಾಲು ಊದಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ, ಊಟದಿಂದ ರಕ್ತಕ್ಕೆ ಸೇರುವ ಪೊಟ್ಯಾಸಿಯಂ ಎಂಬ ಲವಣ ಹಾಗಲ್ಲ. ಅದು ಸದ್ದಿಲ್ಲದೆ ಏರಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ‘ಮೈ ಹಗುರಾಗಿದೆ’ ಎಂಬ ಮಾತನ್ನು ನಂಬಬೇಡಿ ಎನ್ನುವುದು ಇದಕ್ಕೇ. ಮಲಗಿದರೆ ಉಸಿರು ಕಟ್ಟುವುದು, ಕೈಕಾಲು ಸೋತುಹೋಗುವುದು ಕಂಡರೆ ಸರದಿಗೆ ಕಾಯದೆ ತುರ್ತು ವಿಭಾಗಕ್ಕೆ ಕರೆತನ್ನಿ.

ಪ್ರಶ್ನೆ (ಅದೇ ಸದಸ್ಯರು):
ನೀರು ಎಷ್ಟು ಕೊಡಬೇಕು, ಸಿಸ್ಟರ್? ಈ ಬಿಸಿಲಿನಲ್ಲಿ ತಂಬಿಗೆ ಕಸಿದುಕೊಳ್ಳಲು ಮನಸ್ಸು ಬರುವುದಿಲ್ಲ.

ಉತ್ತರ:
ದಿನಕ್ಕೆ ಎಷ್ಟು ಮೂತ್ರ ಹೋಗುತ್ತದೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ಸಾಮಾನ್ಯ ಲೆಕ್ಕ ಇದು, ನಿಮ್ಮ ವೈದ್ಯರು ಬೇರೆ ಅಳತೆ ಹೇಳಿದ್ದರೆ ಅದೇ ಸರಿ. 200 ಮಿಲಿಲೀಟರ್ ಮೂತ್ರ ಹೋಗುತ್ತಿದ್ದರೆ ಒಟ್ಟು 700. ಚಹಾ, ಮಜ್ಜಿಗೆ, ಅಂಬಲಿ, ಸಾರು ಎಲ್ಲವೂ ಇದರಲ್ಲೇ ಬರಬೇಕು. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಅಷ್ಟನ್ನು ಅಳೆದು ಇಡಿ. ಒಂದು ಕಪ್ ಚಹಾ ಕುಡಿದರೆ ಬಾಟಲಿಯಿಂದ ಒಂದು ಕಪ್ ನೀರು ಚೆಲ್ಲಿ. ಉಳಿದದ್ದು ಎಷ್ಟು ಎಂದು ಅವರ ಕಣ್ಣಿಗೇ ಕಾಣುತ್ತದೆ, ನೀವು ತಂಬಿಗೆ ಕಸಿಯಬೇಕಾಗಿಲ್ಲ.

ಇನ್ನೊಂದು ಮಾತು. ಬಾಯಾರಿಕೆಯನ್ನು ಅಡುಗೆಮನೆಯಲ್ಲೇ ತಡೆಯಬೇಕು. ರೊಟ್ಟಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿ ಕುಟ್ಟಿದ ಶೇಂಗಾ ಚಟ್ನಿ ಬಡಿಸಿ ‘ನೀರು ಕುಡಿಯಬೇಡ’ ಎಂದರೆ ಅದು ಅನ್ಯಾಯ. ದಿನದ ಉಪ್ಪು ಎಲ್ಲ ಸೇರಿ ಒಂದು ಚಹಾ ಚಮಚ ದಾಟಬಾರದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪನ್ನು ಮಾತ್ರ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲಿ, ನಿಮ್ಮದೇ ತೋಟದ ನಿಂಬೆಯ ತೆಳು ಹೋಳನ್ನು ನೆಕ್ಕಲಿ.

ಪ್ರಶ್ನೆ (ಬಸವನ ಬಾಗೇವಾಡಿಯ ಸದಸ್ಯೆ):
ಅಕ್ಕಾ, ನಮ್ಮ ಮನೆಯವರಿಗೆ ಬೀಗರು ಎಳನೀರು, ಒಣದ್ರಾಕ್ಷಿ ತಂದುಕೊಡುತ್ತಾರೆ. ತಂಪು, ಶಕ್ತಿ ಬರುತ್ತದೆ ಎನ್ನುತ್ತಾರೆ. ಫಾಸ್ಫರಸ್ ಮಾತ್ರೆಯನ್ನು ಇವರು ರಾತ್ರಿ ಮಲಗುವಾಗ ನುಂಗುತ್ತಾರೆ, ಸರಿಯೇ?

ಉತ್ತರ:
ಎಳನೀರು, ಒಣದ್ರಾಕ್ಷಿ ಎರಡೂ ಬೇಡ ತಂಗೀ. ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಬಾಳೆಹಣ್ಣು, ಬೆಲ್ಲಕ್ಕೂ ಇದೇ ಮಾತು. ಪ್ರೀತಿಯಿಂದ ತಂದವರಿಗೆ ಬೇಡ ಎನ್ನಲು ಸಂಕೋಚವಾದರೆ ‘ನರ್ಸ್ ಬೈಯುತ್ತಾರೆ’ ಎಂದು ನನ್ನ ಮೇಲೆ ಹಾಕಿ. ಸೇಬು ತಂದರೆ ಒಂದೆರಡು ಹೋಳು ಕೊಡಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬಹಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ.

ಮಲಗುವಾಗ ನುಂಗಿದ ಮಾತ್ರೆ ದಂಡ. ಊಟದಲ್ಲಿರುವ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದಿಡುವುದು ಅದರ ಕೆಲಸ. ಅನ್ನ, ರೊಟ್ಟಿ ಇದ್ದಾಗಲೇ ಅದೂ ಹೊಟ್ಟೆಯಲ್ಲಿರಬೇಕು. ಮಾತ್ರೆಯನ್ನು ತಾಟಿನ ಅಂಚಿನಲ್ಲಿ ಇಟ್ಟೇ ಊಟ ಬಡಿಸಿ.

ಪ್ರಶ್ನೆ (ಬಾಗಲಕೋಟೆಯ ನರ್ಸಿಂಗ್ ವಿದ್ಯಾರ್ಥಿನಿ):
ಮೇಡಂ, ನಾವು ಕರಪತ್ರ ಕೊಟ್ಟು ವಿವರಿಸುತ್ತೇವೆ. ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ವಾರ ಮತ್ತೆ ಅದೇ ಕಥೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ:
ತಲೆಯಾಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಮಗೂ. ‘ಅರ್ಥವಾಯಿತೇ’ ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ‘ಮನೆಗೆ ಹೋಗಿ ಸೊಸೆಗೆ ಏನು ಹೇಳುತ್ತೀರಿ, ಹೇಳಿ ನೋಡೋಣ’ ಎಂದು ಕೇಳು. ತಪ್ಪಿದ್ದು ಅಲ್ಲೇ ತಿಳಿಯುತ್ತದೆ. ಒಂದು ದಿನಕ್ಕೆ ಒಂದೇ ವಿಷಯ ಸಾಕು. ಹೇಳುವುದಾದರೆ ಬಿಪಿ ನೆಟ್ಟಗಿರುವ ಮೊದಲ ಒಂದೂವರೆ ಗಂಟೆಯಲ್ಲಿ ಹೇಳು. ಕೊನೆಯ ಗಂಟೆಯಲ್ಲಿ ಅವರಿಗೆ ಬಸ್ಸಿನ ಚಿಂತೆ, ಸುಸ್ತು. ಅಡುಗೆ ಮಾಡುವವರನ್ನು ತಿಂಗಳಿಗೊಮ್ಮೆಯಾದರೂ ಹಾಸಿಗೆಯ ಬಳಿ ಕೂರಿಸಿಕೋ, ಉಪ್ಪಿನ ಡಬ್ಬಿ ಇರುವುದು ಅವರ ಕೈಯಲ್ಲಿ.

ಓದು ಬಾರದ ಅಜ್ಜರೊಬ್ಬರಿಗೆ ನಾನು ಅಂಕಿ ಮಾತ್ರ ಕಲಿಸಿದೆ. ತೂಕದ ಯಂತ್ರದ ಮುಂದೆ ನಿಂತು ತಾವೇ ಓದುತ್ತಿದ್ದರು, ಮನೆಗೆ ಹೋಗಿ ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಒಂದು ದಿನ ಒಳಗೆ ಬರುತ್ತಲೇ, ‘ಇವತ್ತು ಮೂರು ಏರಿದೆ ಅವ್ವಾ, ಮದುವೆ ಊಟ’ ಎಂದು ಯಂತ್ರಕ್ಕಿಂತ ಮೊದಲೇ ಹೇಳಿದರು. ಆ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಪ್ರಶ್ನೆ (ಇಂಡಿಯ ಸದಸ್ಯರು):
ಕೊಡ ಎತ್ತಿಸಿದೆ, ಸಿಸ್ಟರ್. ಬಹಳ ಹೊತ್ತು ಸುಮ್ಮನೆ ಕುಳಿತರು. ಗುರುವಾರ ತಾವೇ ಎದ್ದು ಹೊರಟರು. ಆದರೆ ಬರುವ ಶನಿವಾರ ತಂಗಿಯ ಮಗಳ ಮದುವೆ ಇದೆ.

ಉತ್ತರ:
ಮದುವೆಗೆ ಹೋಗಲಿ, ಡಯಾಲಿಸಿಸ್ ಮಾತ್ರ ತಪ್ಪದಿರಲಿ. ಶುಕ್ರವಾರಕ್ಕೆ ಅಥವಾ ಶನಿವಾರ ಬೆಳಗಿನ ಪಾಳಿಗೆ ಬದಲಿಸಿಕೊಡಿ ಎಂದು ಘಟಕಕ್ಕೆ ಇಂದೇ ಫೋನ್ ಮಾಡಿ. ಮೊದಲೇ ತಿಳಿದರೆ ಜಾಗ ಹೊಂದಿಸಲು ನಮಗೂ ಸುಲಭ. ಬಸ್ ಪ್ರಯಾಣವೇ ಭಾರವಾಗಿದ್ದರೆ ಹತ್ತಿರದ ತಾಲೂಕು ಆಸ್ಪತ್ರೆಯ ಘಟಕದಲ್ಲಿ ಸರದಿ ಸಿಗುತ್ತದೆಯೇ ಎಂದು ವಿಚಾರಿಸಿ, ಹೋಗುವಾಗ ಬಿಪಿಎಲ್ ಪಡಿತರ ಚೀಟಿ ಜೊತೆಗಿರಲಿ. ಮದುವೆಮನೆಯಲ್ಲಿ ಫಿಸ್ಟುಲಾದ ಕೈಗೆ ಯಾರೂ ಬಿಗಿಯಾಗಿ ಕಂಕಣ, ವಾಚು ಕಟ್ಟದಂತೆ ನೋಡಿಕೊಳ್ಳಿ. ಬೆಳಿಗ್ಗೆ ಆ ಜಾಗದ ಮೇಲೆ ಬೆರಳಿಟ್ಟು ಜುಮ್ಮೆನ್ನುವುದು ಇದೆಯೇ ಎಂದು ನೋಡಿಯೇ ಹೊರಡಲಿ. ನಿಂತಿದ್ದರೆ ಮದುವೆ ಬಿಟ್ಟು ನೇರವಾಗಿ ಆಸ್ಪತ್ರೆಗೆ ಬನ್ನಿ.