ಸ್ಲೇಟು ಕಲ್ಲಿನ ಛಾವಣಿ: ಖರ್ಚು, ಆಯ್ಕೆ ಮತ್ತು ಎಂಜಿನಿಯರರ ಉತ್ತರಗಳು

ನಿರ್ವಾಹಕರು: ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಬಳಗದಲ್ಲಿ ಇಳಿಜಾರು ಛಾವಣಿಗೆ ಸ್ಲೇಟು ಕಲ್ಲು ಹೊದಿಸುವ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರುವ ನಮ್ಮ ಸದಸ್ಯೆಯೊಬ್ಬರು ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಬೇಕು, ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಬೇಕು ಎಂದು ವಿನಂತಿ.

ಕುವೆಂಪುನಗರದ ಸದಸ್ಯರು: ನಮಸ್ಕಾರ ಮೇಡಂ. ನಮ್ಮದು 12 ಚದರದ ಮನೆ, ಛಾವಣಿ 30 ಡಿಗ್ರಿ ಇಳಿಜಾರು. ಅಂಗಡಿಯವರು ಸ್ಲೇಟು ಕಲ್ಲಿಗೆ ಚದರಡಿಗೆ 70 ರೂಪಾಯಿ ಹೇಳಿದ್ದಾರೆ. 1,200 ಚದರಡಿಗೆ 84,000 ರೂಪಾಯಿ ಆಗುತ್ತದೆಂದು ಲೆಕ್ಕ ಹಾಕಿಕೊಂಡಿದ್ದೇವೆ. ಸರಿಯಾಗಿದೆಯೇ?

ಎಂಜಿನಿಯರ್: ನಮಸ್ಕಾರ. ನಿಮ್ಮ ಗುಣಾಕಾರ ಸರಿ, ಆದರೆ ಗುಣಿಸಿದ ಅಂಕಿಯೇ ತಪ್ಪು. ಮೊದಲನೆಯದಾಗಿ, ಇಳಿಜಾರಿನ ಮೈ ನೆಲದ ಅಳತೆಗಿಂತ ದೊಡ್ಡದು. 30 ಡಿಗ್ರಿಗೆ ಅದು 1.155 ಪಟ್ಟಾಗುವುದರಿಂದ, ಸೂರಿನ ಚಾಚನ್ನು ಬಿಟ್ಟರೂ ನಿಮ್ಮ 1,200 ಚದರಡಿ 1,386 ಆಗುತ್ತದೆ. ಎರಡನೆಯದನ್ನು ಅಂಗಡಿಯವರು ಯಾರಿಗೂ ಹೇಳುವುದಿಲ್ಲ. ಸ್ಲೇಟನ್ನು ನೆಲದ ಟೈಲ್ಸಿನಂತೆ ಪಕ್ಕಪಕ್ಕಕ್ಕೆ ಜೋಡಿಸುವುದಿಲ್ಲ. ಮೂರನೆಯ ಸಾಲಿನ ಕಲ್ಲು ಮೊದಲನೆಯ ಸಾಲಿನ ಕಲ್ಲಿನ ತಲೆಯನ್ನೂ ಮುಚ್ಚುವಂತೆ ಹೇರಬೇಕು. ಇಲ್ಲದಿದ್ದರೆ ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ ಇಳಿದ ನೀರು ನೇರವಾಗಿ ಒಳಗೆ ಬರುತ್ತದೆ. 20 ಅಂಗುಲ ಉದ್ದ, 10 ಅಂಗುಲ ಅಗಲದ ಕಲ್ಲಿಗೆ 4 ಅಂಗುಲ ಹೇರಿಕೆ, ಅಂದರೆ ಮೂರನೆಯ ಸಾಲು ಮೊದಲನೆಯದರ ತಲೆಯನ್ನು ಅಷ್ಟು ಮುಚ್ಚುವಂತೆ, ಕೊಟ್ಟರೆ ಪ್ರತಿ ಕಲ್ಲಿನಲ್ಲೂ ಬಿಸಿಲಿಗೆ ಕಾಣುವುದು ಕೇವಲ 8 ಅಂಗುಲ, ಉಳಿದ 12 ಅಂಗುಲ ಮೇಲಿನ ಸಾಲುಗಳ ಅಡಿಯಲ್ಲಿರುತ್ತದೆ. ಅಂದರೆ ಒಂದು ಚದರಡಿ ಛಾವಣಿಗೆ ಎರಡೂವರೆ ಚದರಡಿ ಕಲ್ಲು ಬೇಕು.

ಈಗ ಲೆಕ್ಕ ಹಾಕಿ. 1,386 ಚದರಡಿಗೆ 3,465 ಚದರಡಿ ಕಲ್ಲು, ನೀವು ಹೇಳಿದ ದರದಲ್ಲಿ ಸುಮಾರು 2,42,500 ರೂಪಾಯಿ. ಸಾಗಣೆಯಲ್ಲಿ ಒಡೆಯುವುದಕ್ಕೆ ಮತ್ತು ಅಂಚಿನಲ್ಲಿ ಕತ್ತರಿಸುವುದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ 2,66,800. ಕಲ್ಲು ಸುಮಾರು 2,500, ಕಲ್ಲಿಗೆ ಎರಡರಂತೆ ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮೊಳೆ 5,000. ಕಬ್ಬಿಣದ ಮೊಳೆಗೆ ಸತುವಿನ ಲೇಪವಿದ್ದರೂ ಅದು ಕಲ್ಲಿಗಿಂತ ಎಷ್ಟೋ ಮೊದಲು ತುಕ್ಕು ಹಿಡಿಯುತ್ತದೆ, ಕಲ್ಲು ಚೆನ್ನಾಗಿದ್ದರೂ ಜಾರಿ ಬೀಳುತ್ತದೆ. ಇದರ ಮೇಲೆ ರೀಪು (ಕಲ್ಲಿಗೆ ಮೊಳೆ ಹೊಡೆಯುವ ಅಡ್ಡಪಟ್ಟಿ), ಪಕಾಸಿ (ರೀಪನ್ನು ಹೊರುವ ಇಳಿಜಾರು ಮರ), ನೆತ್ತಿಯ ಕಟ್ಟು, ಕೂಲಿ, ಎಲ್ಲವೂ ಬೇರೆ. ಆರು ಮಿಲಿಮೀಟರ್ ದಪ್ಪದ ಕಲ್ಲಾದರೆ ಒಂದು ಚದರಕ್ಕೆ ಸುಮಾರು 380 ಕೆ.ಜಿ. ಭಾರ, ನಿಮ್ಮ ಮನೆಯ ತಲೆಯ ಮೇಲೆ ಒಟ್ಟು ಐದು ಟನ್ನಿಗೂ ಹೆಚ್ಚು. ಅಡಿಯ ಚೌಕಟ್ಟಿನ ವಿನ್ಯಾಸವನ್ನು ಈ ತೂಕಕ್ಕೇ ಮಾಡಿಸಬೇಕು.

ನಂಜನಗೂಡಿನ ಸದಸ್ಯರು: ಮೇಡಂ, ಸ್ಲೇಟು ಛಾವಣಿಗೆ ಚದರಡಿಗೆ ಒಟ್ಟು ಎಷ್ಟಾಗುತ್ತದೆ?

ಎಂಜಿನಿಯರ್: ಮೇಲಿನ ಉತ್ತರವನ್ನು ಓದಿ, ನಿಮ್ಮ ಅಳತೆಗೆ ಹೊಂದಿಸಿಕೊಳ್ಳಿ.

ಮದ್ದೂರಿನ ಸದಸ್ಯೆ: ನಮ್ಮ ಮನೆಯ ಎರಡೂ ಕಡೆ ತೆಂಗಿನ ಮರಗಳಿವೆ. ಸ್ಲೇಟು ತಡೆಯುತ್ತದೆಯೇ?

ಎಂಜಿನಿಯರ್: ಆರು ಮಿಲಿಮೀಟರ್ ಕಲ್ಲಿನ ಮೇಲೆ ಕಾಯಿ ಬಿದ್ದರೆ ಕಲ್ಲು ಒಡೆಯುತ್ತದೆ. ಮಂಗಳೂರು ಹೆಂಚೂ ಒಡೆಯುತ್ತದೆ, ಆದರೆ ಅದನ್ನು ಮೇಲಿನ ಹೆಂಚೆತ್ತಿ ನೀವೇ ಬದಲಾಯಿಸಬಹುದು. ಮೊಳೆ ಹೊಡೆದ ಸ್ಲೇಟನ್ನು ಬದಲಾಯಿಸಲು ಅಡಿಯಿಂದ ಮೊಳೆ ಕೊಯ್ಯುವ ಸಲಕರಣೆಯೂ ಅದನ್ನು ಬಳಸಲು ಬಲ್ಲ ಕೈಯೂ ಬೇಕು. ಮರ ಉಳಿಸಿ, ಹೆಂಚು ಹಾಕಿಸಿ.

ವಿಜಯನಗರ 4ನೇ ಹಂತದ ಸದಸ್ಯರು: ಮೇಡಂ, ನಮ್ಮದು ಹೊಸ ಕೆಲಸವಲ್ಲ. ಆರು ವರ್ಷಗಳ ಹಿಂದೆ ಮನೆಯ ಮುಂಭಾಗದಲ್ಲಿ ಸುಮಾರು 40 ಡಿಗ್ರಿಯ ಇಳಿಜಾರು ಆರ್‌ಸಿಸಿ ಹಾಕಿಸಿ, ಅದರ ಮೇಲೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಅರ್ಧ ಅಂಗುಲ ದಪ್ಪದ ಸ್ಲೇಟು ಕಲ್ಲುಗಳನ್ನು ಸಿಮೆಂಟ್ ಗಾರೆಯಲ್ಲಿ ಅಂಟಿಸಿದ್ದರು. ಹೋದ ವಾರದ ಮಳೆಯ ಮರುದಿನ ಒಂದು ಕಲ್ಲು ಜಾರಿ ಸ್ಕೂಟರ್ ಮೇಲೆ ಬಿತ್ತು. ಸೂರಿನ ಅಡಿಯ ಗೋಡೆಯಲ್ಲಿ ಬಿಳಿ ಗೆರೆಗಳು ಮೂಡಿವೆ. ಮೇಸ್ತ್ರಿ ಸಂದುಗಳಿಗೆ ಸಿಮೆಂಟ್ ಹಾಲು ಸುರಿದರೆ ಸಾಕು ಎನ್ನುತ್ತಾರೆ. ನಮ್ಮ ಮಗಳು ಸೈಕಲ್ ನಿಲ್ಲಿಸುವುದು ಅಲ್ಲಿಯೇ.

ಎಂಜಿನಿಯರ್: ಸ್ವಾಮಿ, ಮೊದಲು ಒಂದು ಕೆಲಸ ಮಾಡಿ, ಆಮೇಲೆ ಉಳಿದದ್ದನ್ನು ಓದಿ. ಆ ಸೂರಿನ ಅಡಿಯ ಜಾಗಕ್ಕೆ ಈಗಲೇ ಹಗ್ಗ ಕಟ್ಟಿಸಿ. ಸೈಕಲ್, ಸ್ಕೂಟರ್, ಪೇಪರ್ ಹಾಕುವ ಹುಡುಗ, ಯಾರೂ ಅಲ್ಲಿ ನಿಲ್ಲಬಾರದು. ಮನೆಗೆ ಬೇರೆ ಬಾಗಿಲಿದ್ದರೆ ಅದನ್ನು ಬಳಸಿ. ನೀವು ಹೇಳಿದ ಅಳತೆಯ ಒಂದು ಕಲ್ಲು ಸುಮಾರು ಆರೂವರೆ ಕೆ.ಜಿ. ತೂಗುತ್ತದೆ. 20 ಅಡಿ ಎತ್ತರದಿಂದ ಬಿದ್ದರೆ ಅದು ನೆಲ ಮುಟ್ಟುವಾಗ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿರುತ್ತದೆ. ಸ್ಕೂಟರ್ ಮೇಲೆ ಬಿದ್ದದ್ದು ನಿಮ್ಮ ಪುಣ್ಯ.

ಹೀಗೇಕಾಯಿತೆಂದರೆ, ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಳ್ಳುವುದರಿಂದ ಗಾರೆ ಅದರ ರಂಧ್ರಗಳೊಳಗೆ ಬೇರು ಬಿಟ್ಟಂತೆ ಕಚ್ಚಿಕೊಳ್ಳುತ್ತದೆ. ಒಳ್ಳೆಯ ಸ್ಲೇಟು ನೀರನ್ನು ಹೀರುವುದೇ ಇಲ್ಲವೆನ್ನಬಹುದು, ಅದರ ಹೆಚ್ಚುಗಾರಿಕೆಯೇ ಅದು. ಹೀಗಾಗಿ ಗಾರೆ ಅದರ ನುಣುಪಾದ ಬೆನ್ನಿಗೆ ಅಂಟಿದಂತೆ ಕಂಡರೂ ಕಚ್ಚಿಕೊಂಡಿರುವುದಿಲ್ಲ, ಸೀಳಿದ ಕಲ್ಲಿನ ಪುಡಿಯನ್ನು ತೊಳೆಯದೆ ಅಂಟಿಸಿದ್ದರೆ ಇನ್ನೂ ಕಷ್ಟ. ಇದರ ಜೊತೆಗೆ, ಏಪ್ರಿಲ್ ಮಧ್ಯಾಹ್ನ ಕಪ್ಪು ಕಲ್ಲು ಕೈ ಇಡಲಾಗದಷ್ಟು ಕಾಯುತ್ತದೆ, ಸಂಜೆ ನಾಲ್ಕಕ್ಕೆ ಗುಡುಗಿನ ಮಳೆ ಬಂದು ಕೆಲವೇ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಕಲ್ಲು ಮತ್ತು ಗಾರೆ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಆರು ಬೇಸಿಗೆಗಳ ಈ ಎಳೆದಾಟದಲ್ಲಿ ಅಂಟು ಬಿಟ್ಟಿದೆ. ಬಿಟ್ಟ ಜಾಗಕ್ಕೆ ನೀರು ಹೋಗಿದೆ, ಹೊರಬರಲು ದಾರಿಯಿಲ್ಲದೆ ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಸೂರಿನಲ್ಲಿ ಇಳಿದಿದೆ. ನೀವು ನೋಡುತ್ತಿರುವ ಬಿಳಿ ಗೆರೆ ಅದೇ. ಅಂದರೆ ಜಾರಿದ್ದು ಒಂದು ಕಲ್ಲಾದರೂ ಸಡಿಲವಾಗಿರುವುದು ಒಂದೇ ಅಲ್ಲ.

ಸಂದಿಗೆ ಸಿಮೆಂಟ್ ಹಾಲು ಸುರಿಯಬೇಡಿ. ನೀರು ಹೊರಹೋಗುವ ಅಲ್ಪಸ್ವಲ್ಪ ದಾರಿಯೂ ಮುಚ್ಚಿಹೋಗುತ್ತದೆ, ಕಲ್ಲಿನ ಹಿಂದಿನ ಭಾರ ಹೆಚ್ಚುತ್ತದೆ. ಅಟ್ಟಣಿಗೆ ಕಟ್ಟಿಸಿ, ಒಣ ದಿನದಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಕೆಲಸಗಾರನಿಂದ ಪ್ರತಿ ಕಲ್ಲನ್ನೂ ಮರದ ಕೊಡತಿಯಿಂದ ತಟ್ಟಿಸಿ. ಟೊಳ್ಳು ಸದ್ದು ಬಂದ ಕಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿಸಿ, ಎಣಿಕೆಯನ್ನು ನನಗೆ ತಿಳಿಸಿ.

ಮಂಡ್ಯದ ಗುತ್ತಿಗೆದಾರ ಸದಸ್ಯರು: ಮೇಡಂ ಜನರನ್ನು ಅನಗತ್ಯವಾಗಿ ಹೆದರಿಸುತ್ತಿದ್ದಾರೆ. ನಾನು ಮೂವತ್ತು ಮನೆಗಳಿಗೆ ಗಾರೆಯಲ್ಲೇ ಸ್ಲೇಟು ಅಂಟಿಸಿದ್ದೇನೆ, ಒಂದೂ ಬಿದ್ದಿಲ್ಲ. ಅಂಟಿಸುವವನ ಕೈ ಸರಿಯಿರಬೇಕು.

ಎಂಜಿನಿಯರ್: ಆ ಮೂವತ್ತು ಮನೆಗಳಿಗೆ ಐದು ವರ್ಷಗಳಾದ ಮೇಲೆ ಮತ್ತೆ ಹೋಗಿ ತಟ್ಟಿ ನೋಡಿದ್ದೀರಾ?

ಮಂಡ್ಯದ ಗುತ್ತಿಗೆದಾರ ಸದಸ್ಯರು: ಬಿದ್ದಿದ್ದರೆ ಅವರೇ ಫೋನ್ ಮಾಡುತ್ತಿದ್ದರು.

ವಿಜಯನಗರ 4ನೇ ಹಂತದ ಸದಸ್ಯರು: ನಾವೂ ನಮ್ಮ ಗುತ್ತಿಗೆದಾರರಿಗೆ ಫೋನ್ ಮಾಡಿದೆವು ಸಾರ್. ಅವರು ಎತ್ತುತ್ತಿಲ್ಲ.

ವಿದ್ಯಾರಣ್ಯಪುರಂ ಸದಸ್ಯರು: ಎಲ್ಲರಿಗೂ ಉಪಯೋಗವಾಗಲೆಂದು ನನಗೆ ಬಂದ ಸಂದೇಶವನ್ನು ಹಾಕುತ್ತಿದ್ದೇನೆ. ಬೆಲ್ಲದ ನೀರು, ಸುಣ್ಣ ಮತ್ತು ಅಳಲೆಕಾಯಿಯ ರಸ ಬೆರೆಸಿ ಸ್ಲೇಟಿನ ಸಂದಿಗೆ ತುಂಬಿದರೆ ನೂರು ವರ್ಷ ಸೋರುವುದಿಲ್ಲ. ಮೇಲೆ ಹಳೆಯ ಇಂಜಿನ್ ಆಯಿಲ್ ಬಳಿದರೆ ಕಲ್ಲು ವಜ್ರದಂತೆ ಗಟ್ಟಿಯಾಗುತ್ತದೆ. ನಮ್ಮ ಪೂರ್ವಜರ ಜ್ಞಾನ.

ಎಂಜಿನಿಯರ್: ಬೆಲ್ಲ ಮತ್ತು ಅಳಲೆಕಾಯಿಯನ್ನು ನಮ್ಮ ಹಿರಿಯರು ಸುಣ್ಣದ ಗಾರೆಗೆ ಬಳಸುತ್ತಿದ್ದದ್ದು ನಿಜ. ಜಂತಿಯ ಮೇಲೆ ಇಟ್ಟಿಗೆ ಹಾಸಿ ಮಾಡುವ ಮದ್ರಾಸ್ ತಾರಸಿಗೆ ಅದು ಸಲ್ಲುತ್ತದೆ. ಸ್ಲೇಟು ಛಾವಣಿಯಲ್ಲಿ ಸಂದು ತೆರೆದಿರಬೇಕು, ನೀರನ್ನು ತಡೆಯುವುದು ಹೇರಿಕೆಯೇ ಹೊರತು ಭರ್ತಿಯಲ್ಲ. ಇನ್ನು ಇಂಜಿನ್ ಆಯಿಲ್ ಕಲ್ಲನ್ನು ಗಟ್ಟಿ ಮಾಡುವುದಿಲ್ಲ, ಏರಿದವನ ಕಾಲು ಜಾರಿಸುತ್ತದೆ, ಮೊದಲ ಮಳೆಗೆ ನಿಮ್ಮ ಬಾವಿಗೂ ತೋಟಕ್ಕೂ ಇಳಿಯುತ್ತದೆ. ಪೂರ್ವಜರ ಬಳಿ ಇಂಜಿನ್ ಇರಲಿಲ್ಲ ಎಂಬುದನ್ನಾದರೂ ಗಮನಿಸಿ.

ಶ್ರೀರಂಗಪಟ್ಟಣದ ಸದಸ್ಯರು: ಇಷ್ಟೆಲ್ಲ ತಾಪತ್ರಯವೇಕೆ? ಊರು ಬಿಟ್ಟು ಊರಿನ ಕಲ್ಲು ತರಿಸುವುದು ಶೋಕಿ. ನಮ್ಮದೇ ಆದ ಮಂಗಳೂರು ಹೆಂಚು ಇರುವಾಗ ವಿದೇಶಿ ಛಾವಣಿ ಯಾರಿಗೆ ಬೇಕು?

ಸರಸ್ವತೀಪುರಂ ಸದಸ್ಯೆ: ಮಂಗಳೂರು ಹೆಂಚು ನಮ್ಮದು ಎನ್ನುವ ಮುನ್ನ ಸ್ವಲ್ಪ ಇತಿಹಾಸ ನೋಡಿ. ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ತೆರೆದದ್ದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು. ನಮ್ಮ ಕುಂಬಾರರು ತಿಗರಿಯಲ್ಲಿ ಮಾಡುತ್ತಿದ್ದ ನಾಡಹೆಂಚನ್ನು ಬದಿಗೆ ತಳ್ಳಿದ್ದೇ ಅದು. ಸ್ಲೇಟಂತೂ ವಿದೇಶಿಯಲ್ಲ, ಹಿಮಾಚಲದ ಕಾಂಗ್ರಾದ ಹಳ್ಳಿಮನೆಗಳಿಗೆ ಅದೇ ಹೊದಿಕೆ. ನಾವು ಶಾಲೆಯಲ್ಲಿ ಬರೆದ ಸ್ಲೇಟುಗಳೂ ಆಂಧ್ರದ ಮಾರ್ಕಾಪುರದ ಕಲ್ಲಿನವೇ.

ಶ್ರೀರಂಗಪಟ್ಟಣದ ಸದಸ್ಯರು: ಕಾಂಗ್ರಾದವರಿಗೆ ಅದು ಕಾಲಡಿಯ ಕಲ್ಲು. ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಲಾರಿಯಲ್ಲಿ ತರಿಸುವ ನಮಗೆ ಶೋಕಿಯೇ. ಇತಿಹಾಸ ಪಾಠ ಬೇಡ.

ಸರಸ್ವತೀಪುರಂ ಸದಸ್ಯೆ: ಪಾಠ ಬೇಡದವರು ತಪ್ಪು ಹೇಳಬಾರದು.

ಕೆ.ಆರ್. ಪೇಟೆಯ ಸದಸ್ಯರು: ಇಬ್ಬರೂ ನಿಲ್ಲಿಸುವಿರಾ? ಸ್ಲೇಟಿನ ಮೇಲೆ ಕೋತಿಗಳ ಕಾಟದ ಬಗ್ಗೆ ಕೇಳಬೇಕಿತ್ತು.

ಮಂಡ್ಯ ವಿದ್ಯಾನಗರದ ಸದಸ್ಯೆ: ಮೇಡಂ, ಅಂಗಡಿಯಲ್ಲಿ ಒಳ್ಳೆಯ ಸ್ಲೇಟನ್ನು ಗುರುತಿಸುವುದು ಹೇಗೆ? ಒಂದೇ ಹೆಸರಿನಲ್ಲಿ ಹತ್ತು ಬಣ್ಣದ ಕಲ್ಲು ತೋರಿಸುತ್ತಾರೆ.

ಎಂಜಿನಿಯರ್: ಒಳ್ಳೆಯ ಪ್ರಶ್ನೆ. ಅಲ್ಲಿರುವುದರಲ್ಲಿ ಹೆಚ್ಚಿನದು ಗೋಡೆಗೆ ಅಂಟಿಸುವ ಅಲಂಕಾರದ ಕಲ್ಲು, ಛಾವಣಿಗೆ ಬಾರದು. ಛಾವಣಿಯ ಸ್ಲೇಟಿಗೆ ಐಎಸ್ 6250 ಎಂಬ ಭಾರತೀಯ ಮಾನಕವಿದೆ, ಅದರಂತೆ ಪರೀಕ್ಷೆಯಾದ ವರದಿಯನ್ನು ಕೇಳಿ. ವರದಿ ಇಲ್ಲವೆಂದರೆ ನಾಲ್ಕು ಕಲ್ಲು ಮನೆಗೆ ತನ್ನಿ. ಬೆರಳ ಗಂಟಿನಿಂದ ತಟ್ಟಿದರೆ ಕಂಚಿನಂತೆ ಕಣಕಣಿಸಬೇಕು, ಮಂದ ಸದ್ದು ಬಂದರೆ ಒಳಗೆ ಸೀಳಿದೆ. ಒಣ ಕಲ್ಲನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಎರಡು ಕೆ.ಜಿ. ಕಲ್ಲು ಹತ್ತು ಹನ್ನೆರಡು ಗ್ರಾಂಗಿಂತ ಹೆಚ್ಚು ನೀರು ಕುಡಿದಿದ್ದರೆ ಬೇಡ. ಇನ್ನೊಂದು ಕಲ್ಲನ್ನು ಅರ್ಧದವರೆಗೆ ನೀರಿನಲ್ಲಿ ನಿಲ್ಲಿಸಿ. ಮರುದಿನ ತೇವದ ಗೆರೆ ನೀರಿನ ಮಟ್ಟದಿಂದ ಮೇಲಕ್ಕೆ ಹತ್ತಿದ್ದರೆ ಅದೂ ಬೇಡ. ಹಿತ್ತಾಳೆಯಂತೆ ಹೊಳೆಯುವ ಚುಕ್ಕೆಗಳನ್ನು ಕಂಡು ಮಾರುಹೋಗಬೇಡಿ. ಅದು ಗಂಧಕ ಕೂಡಿದ ಕಬ್ಬಿಣ, ಎರಡು ಮಳೆಗಾಲ ಕಳೆದರೆ ತುಕ್ಕಿನ ಗೆರೆಯಾಗಿ ಇಳಿಯಬಹುದು, ಕೆಲವೊಮ್ಮೆ ಕಲ್ಲನ್ನೇ ತೂತಾಗಿಸುತ್ತದೆ.

ಮಳವಳ್ಳಿಯ ಸದಸ್ಯರು: ಕಡಪ ಕಲ್ಲನ್ನೇ ತೆಳುವಾಗಿ ಕತ್ತರಿಸಿ ಹಾಕಬಹುದಲ್ಲವೇ? ಅದೂ ಕಪ್ಪು.

ಎಂಜಿನಿಯರ್: ಬಣ್ಣ ಒಂದೇ ಆದಮಾತ್ರಕ್ಕೆ ಕಲ್ಲು ಒಂದೇ ಅಲ್ಲ. ಕಡಪ ಸುಣ್ಣದ ಕಲ್ಲು, ನಿಂಬೆರಸ ಬಿದ್ದ ಅಡುಗೆಕಟ್ಟೆ ಮಂಕಾಗುವುದು ಅದಕ್ಕೇ. ಬೇಡ.

ಪಾಂಡವಪುರದ ಸದಸ್ಯರು: ನಮ್ಮದು ಅಜ್ಜನ ಕಾಲದ ತೊಟ್ಟಿಮನೆ, ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಹೆಂಚು ತೆಗೆದು ಸ್ಲೇಟು ಹಾಕಿಸಲು ಅಣ್ಣನವರು ಪಟ್ಟು ಹಿಡಿದಿದ್ದಾರೆ.

ಎಂಜಿನಿಯರ್: ತೆಳುವಾದ ಸ್ಲೇಟು ಮತ್ತು ಹೆಂಚು ತೂಕದಲ್ಲಿ ಹೆಚ್ಚುಕಡಿಮೆ ಸಮ. ಆದರೆ ನಮ್ಮಲ್ಲಿ ಸಿಗುವ ಕಲ್ಲು ಎಂಟು ಹತ್ತು ಮಿಲಿಮೀಟರಿನದು, ಅದು ಹೆಂಚಿಗಿಂತ ಸಾಕಷ್ಟು ಭಾರ. ಹೆಂಚಿಗೆ ಅಡಿಗೊಂದರಂತಿರುವ ರೀಪು ಸ್ಲೇಟಿಗೆ ಎಂಟು ಅಂಗುಲಕ್ಕೊಂದು ಬೇಕು. ಹಳೆಯ ಪಕಾಸಿಗಳಿಗೆ ಐದಾರು ಸಾವಿರ ಮೊಳೆಗಳ ಪೆಟ್ಟು ಬೀಳುತ್ತದೆ, ಮಣ್ಣಿನ ಗೋಡೆ ಅದನ್ನು ಕೇಳಿಸಿಕೊಳ್ಳುತ್ತದೆ. ಒಡೆದ ಹೆಂಚು ಬದಲಾಯಿಸಿ, ಗೆದ್ದಲು ಹಿಡಿದ ರೀಪು ಬದಲಾಯಿಸಿ. ಅಣ್ಣನವರಿಗೆ ನನ್ನ ಹೆಸರು ಹೇಳಿ.

ಹೆಬ್ಬಾಳದ ಸದಸ್ಯರು: ಸ್ಲೇಟು ಮನೆಯೊಳಗೆ ಹತ್ತು ಡಿಗ್ರಿ ತಂಪು ಎಂದು ವಿಡಿಯೋದಲ್ಲಿ ನೋಡಿದೆ. ಮತ್ತು ಚದರಡಿಗೆ ಎಷ್ಟು?

ಎಂಜಿನಿಯರ್: ತಂಪು ಕೊಡುವುದು ಕಲ್ಲಿನ ಅಡಿಯಲ್ಲಿ ಗಾಳಿಯಾಡಲು ಬಿಟ್ಟ ಜಾಗ, ಕಪ್ಪು ಕಲ್ಲು ಕಾಯುತ್ತದೆ. ದರದ ಪ್ರಶ್ನೆಗೆ ಇನ್ನು ಉತ್ತರಿಸುವುದಿಲ್ಲ.

ವಿದ್ಯಾರಣ್ಯಪುರಂ ಸದಸ್ಯರು: ಇನ್ನೊಂದು ಸಂದೇಶ ಬಂದಿದೆ. ಪಾಚಿ ಹೋಗಲು ಸ್ಲೇಟಿಗೆ ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯಬೇಕಂತೆ.

ಎಂಜಿನಿಯರ್: ಸುರಿಯಬೇಡಿ. ಕಲ್ಲಿನಲ್ಲಿ ಸುಣ್ಣದ ಅಂಶವಿದ್ದರೆ ಆಸಿಡ್ ಅದನ್ನು ತಿನ್ನುತ್ತದೆ, ಮೊಳೆಯನ್ನು ತಿನ್ನುತ್ತದೆ, ಸುರಿಯುವವನ ಕಣ್ಣಿಗೂ ಹಾರುತ್ತದೆ. ನಿಮಗೆ ಬಂದದ್ದನ್ನೆಲ್ಲ ಇಲ್ಲಿಗೆ ದಾಟಿಸುವುದನ್ನು ದಯವಿಟ್ಟು ನಿಲ್ಲಿಸಿ.

ವಿದ್ಯಾರಣ್ಯಪುರಂ ಸದಸ್ಯರು: ಒಳ್ಳೆಯದಕ್ಕೆ ಹೇಳಿದರೆ ಹೀಗೆ. ನಾನು ಬಳಗ ಬಿಡುತ್ತೇನೆ.

ಮಂಡ್ಯದ ಗುತ್ತಿಗೆದಾರ ಸದಸ್ಯರು: ಪುಸ್ತಕ ಓದಿದವರಿಗೆ ಕೆಲಸ ಮಾಡಿದವರ ಮಾತು ಹಿಡಿಸುವುದಿಲ್ಲ, ಬಿಡಿ.

ನಿರ್ವಾಹಕರು: ದಯವಿಟ್ಟು ಮಾತಿನಲ್ಲಿ ಸೌಜನ್ಯವಿರಲಿ.

ಕೆ.ಆರ್. ಪೇಟೆಯ ಸದಸ್ಯರು: ಕೋತಿಗಳ ವಿಷಯ?

ವಿಜಯನಗರ 4ನೇ ಹಂತದ ಸದಸ್ಯರು: ಮೇಡಂ, ಹಗ್ಗ ಕಟ್ಟಿದ್ದೇವೆ. ಸೂರಿನ ಅಂಚಿನ ಕೆಳಗಿನ ಎರಡು ಸಾಲನ್ನು ಮಾತ್ರ ಏಣಿಯಿಂದ ಉದ್ದ ಕೋಲಿನಲ್ಲಿ ತಟ್ಟಿಸಿದೆವು. ಇಪ್ಪತ್ತಾರು ಕಲ್ಲುಗಳಲ್ಲಿ ಹದಿನೇಳು ಟೊಳ್ಳು ಸದ್ದು ಮಾಡಿವೆ. ಈ ಹದಿನೇಳನ್ನು ಮಾತ್ರ ತೆಗೆಸಿದರೆ ಸಾಕೇ?

ಎಂಜಿನಿಯರ್: ಸಾಲದು. ಎಲ್ಲವನ್ನೂ ತೆಗೆಸಿ, ಮಳೆಗಾಲ ಜೋರಾಗುವ ಮೊದಲೇ. ಕೆಳಗಿನ ಸಾಲನ್ನು ಮೊದಲು ಕೀಳಬಾರದು. ಅದು ಮೇಲಿನ ಸಡಿಲ ಕಲ್ಲುಗಳಿಗೆ ಆನಿಕೆಯಾಗಿ ನಿಂತಿದೆ, ಕಿತ್ತರೆ ಮೇಲಿನವು ಸಾಲಾಗಿ ಜಾರಬಹುದು. ನೆತ್ತಿಯಿಂದ ಆರಂಭಿಸಿ ಒಂದೊಂದೇ ಸಾಲು ಬಿಡಿಸುತ್ತಾ ಇಳಿಯಬೇಕು, ಕಲ್ಲನ್ನು ಎಸೆಯದೆ ಹಗ್ಗದ ಬುಟ್ಟಿಯಲ್ಲಿ ಇಳಿಸಬೇಕು. ಆಮೇಲೆ ಆರ್‌ಸಿಸಿಯ ಬಿರುಕು ಮುಚ್ಚಿಸಿ, ನೀರು ತಡೆಯುವ ಲೇಪ ಕೊಡಿಸಿ ಹಾಗೆಯೇ ಬಿಡಿ, ಅತ್ಯಂತ ಕಡಿಮೆ ಖರ್ಚಿನ ದಾರಿ ಅದೇ. ಮತ್ತೆ ಸ್ಲೇಟೇ ಬೇಕೆಂದು ಮನೆಯವರು ಹೇಳಿದರೆ, ಆರ್‌ಸಿಸಿಯ ಮೇಲೆ ಪಟ್ಟಿ ಬಿಗಿದು, ಅಡಿಯಲ್ಲಿ ಒಂದಂಗುಲ ಗಾಳಿ ಬಿಟ್ಟು, ತೆಳುವಾದ ಕಲ್ಲನ್ನು ಮೊಳೆಯಲ್ಲಿ ನೇತುಹಾಕಬೇಕು. ಅದಕ್ಕೆ ಮೊದಲು ಸ್ಲ್ಯಾಬಿನ ಹಳೆಯ ನಕ್ಷೆ ಹುಡುಕಿಡಿ, ಶನಿವಾರ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ. ಆವರೆಗೆ ಹಗ್ಗ ಬಿಚ್ಚಬೇಡಿ.